ಅಪ್‌ಡೇಟ್: ಕಾರವಾರದ ಹಳೇ ಡೆಸ್ಕ್‌ಟಾಪ್ ಈಗ ಚುರುಕಾಗಿದೆ

ಆನ್ ಮಾಡಿದರೆ ಚಹಾ ಕುಡಿದು ಮುಗಿಸಿದರೂ ಏಳದ ಅಪ್ಪನ ಡೆಸ್ಕ್‌ಟಾಪ್ ಬಗ್ಗೆ, ಹೊಸದು ತರಲಾ ಅಂತ ಕೇಳಿದ್ದೆ. ತರಲಿಲ್ಲ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ನೋಡಿದೆ. ಸುಮ್ನೆ ಬಿಟ್ಟಿದ್ದಾಗಲೂ ಡಿಸ್ಕ್ 100% ಬಿಜಿ ಅಂತ ತೋರಿಸುತ್ತಿತ್ತು, ಪ್ರೊಸೆಸರ್ ಮಾತ್ರ ಆರಾಮಾಗಿತ್ತು. ಅಲ್ಲಿಗೆ ಕಳ್ಳ ಸಿಕ್ಕಿದ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು 240 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ, ಚಿಪ್‌ನಲ್ಲಿ ಫೈಲು ಇಡುವ ಡಿಸ್ಕ್) ಹಾಕಿದೆ. ಬೋರ್ಡಿನಲ್ಲಿ ಡಿಸ್ಕ್ ಜೋಡಿಸಲು ಇರುವುದು ಹಳೇ, ನಿಧಾನದ ಸಾಟಾ 2, ಎಸ್‌ಎಸ್‌ಡಿಯ ಪೂರ್ತಿ ವೇಗ ಅದರಲ್ಲಿ ಬರುವುದಿಲ್ಲ, ಆದರೂ ಸಣ್ಣ ಸಣ್ಣ ಫೈಲು ಹುಡುಕಲು ಹಾರ್ಡ್ ಡಿಸ್ಕಿನ ಹಾಗೆ ಮುಳ್ಳು ಓಡಾಡುವ ಕೆಲಸವೇ ಇಲ್ಲವಲ್ಲ, ಹಾಗಾಗಿ ಬ್ರೌಸರ್ ಒತ್ತಿದ ಕೂಡಲೇ ತೆರೆಯುತ್ತದೆ.

ಕ್ಯಾಬಿನೆಟ್ ಒಳಗೆ ನೋಡಬೇಕಿತ್ತು! ಸಮುದ್ರದ ಉಪ್ಪುಗಾಳಿಗೆ ಸ್ಕ್ರೂಗಳೆಲ್ಲ ತುಕ್ಕು, ಪ್ರೊಸೆಸರ್ ತಣ್ಣಗಿಡುವ ಹೀಟ್‌ಸಿಂಕ್ ಸಂದಿಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿತ್ತು. ಬ್ರಷ್ ಹಾಕಿ ತೆಗೆದೆ, ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ರ‍್ಯಾಮ್ ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿದೆ. ಜೊತೆಗೆ ಇನ್ನೊಂದು 4 ಜಿಬಿ ಡಿಡಿಆರ್3 (ಹಳೇ ಮಾದರಿಯ) ರ‍್ಯಾಮ್ ಹಾಕಿದೆ, ಸೆಕೆಂಡ್ ಹ್ಯಾಂಡ್. ಇಷ್ಟು ಹಳೇ ರ‍್ಯಾಮ್‌ಗೆ ಹೊಸದರ ದುಡ್ಡು ಯಾಕೆ, ಅಲ್ವಾ?

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಈ ಯಂತ್ರಕ್ಕೆ 11 ಒಗ್ಗುವುದಿಲ್ಲ. ಅದಕ್ಕೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಅಪ್ಪನಿಗೆ ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ರೂಢಿ, ಅದರದೇ ಕೆಜಿಪಿ ಕೀಬೋರ್ಡ್ (ಕೀಲಿಗಳ ಜೋಡಣೆ) ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ನಲ್ಲಿ ಸಿಕ್ಕಿತು. ಟೈಪಿಂಗಿಗೆ ತಕರಾರಿಲ್ಲ.

ಉಳಿದಿದ್ದು ಒಂದೇ. ಅವರ ಹಳೇ ನುಡಿ ಫೈಲುಗಳು ಯುನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲ, ತೆರೆದರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಎಲ್ಲವನ್ನೂ ಒಟ್ಟಿಗೇ ಯುನಿಕೋಡ್‌ಗೆ ಕನ್ವರ್ಟ್ ಮಾಡುವ ದಾರಿ ಗೊತ್ತಿದ್ದವರು ಹೇಳಿ.