ಬೈಕ್ ಕೆಲ್ಸ ಮನೇಲೇ ಮಾಡ್ಕೊಳ್ಳೋಕೆ ಯಾವ ಟೂಲ್ಸ್ ತಗೋಬೇಕು?

ಹಳೇಸ್ಪ್ಲೆಂಡರ್: ಆಯಿಲ್ ಚೇಂಜು, ಚೈನ್ ಟೈಟು, ಬ್ರೇಕ್ ಶೂ ಇಷ್ಟು ನಾನೇ ಮಾಡ್ಕೊಳ್ಳೋಣ ಅಂತಿದೀನಿ. ಆನ್‌ಲೈನಲ್ಲಿ ನೂರೆಂಟು ಪೀಸಿನ ಬಾಕ್ಸ್ ಒಂದಿದೆ, ತಗೊಳ್ಲಾ? ಹೋದ್ಸಲ ಸ್ಕ್ರೂ ಸ್ಪ್ಯಾನರಲ್ಲಿ (ಬಾಯಿ ಅಗಲ ಅಡ್ಜಸ್ಟ್ ಆಗೋದು) ಆಯಿಲ್ ಇಳಿಸೋ ಡ್ರೈನ್ ಬೋಲ್ಟ್ ಬಿಚ್ಚೋಕೆ ಹೋಗಿ ಮೂಲೆ ಎಲ್ಲಾ ಸವೆದು ರೌಂಡ್ ಆಗೋಯ್ತು.

ಗ್ರೀಸ್‌ಕೈ: ಆ ಬಾಕ್ಸ್ ಬೇಡ ಗುರು, ಅರ್ಧ ಪೀಸ್ ಜನ್ಮದಲ್ಲಿ ಮುಟ್ಟಲ್ಲ. ನಮ್ ಬೈಕುಗಳಲ್ಲಿ 8, 10, 12, 14, 17 ಎಂಎಂ ಇದ್ರೆ ಮುಕ್ಕಾಲು ಕೆಲ್ಸ ಆಗುತ್ತೆ, ಅದೇ ಸೈಜಿನ ಸ್ಪ್ಯಾನರ್ ಟಪಾರಿಯಾ ಕಂಪ್ನಿ ತರದ್ದು ಒಳ್ಳೇದು ಬಿಡಿಬಿಡಿಯಾಗಿ ತಗೋ. ಟೈಟಾಗಿರೋದಕ್ಕೆ ರಿಂಗ್ ಸ್ಪ್ಯಾನರ್ ಇಲ್ಲಾ ಆರು ಮೂಲೆ ಸಾಕೆಟ್ಟೇ ಹಾಕು, ಬೋಲ್ಟಿನ ಆರೂ ಕಡೆ ಹಿಡಿಯುತ್ತೆ, ಓಪನ್ ಸ್ಪ್ಯಾನರ್ ಎರಡೇ ಕಡೆ ಹಿಡಿಯೋದು ಅದಕ್ಕೇ ಜಾರೋದು. ಸ್ಕ್ರೂ ಸ್ಪ್ಯಾನರ್ ನಲ್ಲಿ ರಿಪೇರಿಗೆ ಇಟ್ಕೋ 😄

ಜೆಸಿರೋಡ್‌ಫ್ಯಾನ್: ಸ್ಕ್ರೂಡ್ರೈವರ್ ಬಗ್ಗೆ ಯಾರೂ ಹೇಳಲ್ಲ ನೋಡಿ. ಜಪಾನ್ ಡಿಸೈನಿನ ಬೈಕುಗಳಲ್ಲಿ ಪ್ಲಸ್ ಸ್ಕ್ರೂ ಬಹಳಷ್ಟು ಜೆಐಎಸ್ ಅನ್ನೋ ಜಪಾನ್ ಸ್ಟ್ಯಾಂಡರ್ಡಿಂದು, ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದ್ರೆ ಎಗರಿ ಎಗರಿ ತಲೆ ಕಿತ್ತೋಗುತ್ತೆ, ಇಂಪ್ಯಾಕ್ಟ್ ಡ್ರೈವರ್ ಒಂದಿಟ್ಕೊಳ್ಳಿ, ಅದರ ಹಿಂದೆ ಸುತ್ತಿಗೇಲಿ ಏಟು ಕೊಟ್ರೆ ತಿರುಗಿ ಸ್ಕ್ರೂ ಬಿಟ್ಕೊಳ್ಳುತ್ತೆ.

ಗ್ರೀಸ್‌ಕೈ: ಹೌದು ಸರ್ ಕರೆಕ್ಟು. ಇನ್ನೊಂದು, ಇಂಜಿನ್ ಕೇಸ್ ಅಲ್ಯೂಮಿನಿಯಂ, ಡ್ರೈನ್ ಬೋಲ್ಟಿಗೆ ಉದ್ದ ಪೈಪ್ ಹಾಕಿ ಜಗ್ಬೇಡ, ಥ್ರೆಡ್ ಹೋದ್ರೆ ಸ್ಪ್ಯಾನರ್ ದುಡ್ಡಿಗಿಂತ ಜಾಸ್ತಿ ಖರ್ಚು. ಆಗೋದಾದ್ರೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ಟೈಟ್ ಮಾಡೋ ಸ್ಪ್ಯಾನರ್) ತಗೋ, ಮ್ಯಾನ್ಯುಯಲ್‌ನಲ್ಲಿ ಎಷ್ಟು ಟೈಟ್ ಮಾಡ್ಬೇಕು ಅಂತ ಇರುತ್ತೆ.

ಹಳೇಸ್ಪ್ಲೆಂಡರ್: ಬಾಕ್ಸ್ ಕ್ಯಾನ್ಸಲ್. ಆ ರೌಂಡ್ ಆಗಿರೋ ಬೋಲ್ಟ್ ಈಗ ಹೆಂಗ್ ತೆಗೀಲಿ?

ಗ್ರೀಸ್‌ಕೈ: ವೈಸ್ ಗ್ರಿಪ್ (ಲಾಕ್ ಆಗೋ ಇಕ್ಕಳ) ಬಿಗಿಯಾಗಿ ಕಚ್ಚಿಸಿ ತಿರುಗ್ಸು. ಹೊಸ ಬೋಲ್ಟು ವಾಷರ್ ಮೊದ್ಲೇ ತಂದಿಟ್ಕೊ.