ಜ್ವರ ಹರಡಿರುವಾಗ ಆರಾಧನೆಗೆ ಹೋಗುವುದು: ನಿಮ್ಮ ಅನುಭವ ತಿಳಿಸಿ

ಮಂಗಳೂರಿನ ಮಗಳು: ನಮ್ಮ ವಾಳೆಯಲ್ಲಿ (ಚರ್ಚಿನ ವಾರ್ಡಿನಲ್ಲಿ) ಮನೆಮನೆಗೂ ಫ್ಲೂ ಹರಡಿದೆ. ಉಬ್ಬಸವಿರುವ, 74 ವರ್ಷದ ಅಮ್ಮ ಕ್ರಿಸ್ಮಸ್ ಬಲಿಪೂಜೆಗೆ (ಚರ್ಚಿನ ಆರಾಧನೆಗೆ) ಹೋಗಿಯೇ ತೀರುತ್ತೇನೆ ಎನ್ನುತ್ತಿದ್ದಾರೆ. ಕೊರೊನಾ ಕಾಲದಲ್ಲಿ ನೀವೆಲ್ಲ ಏನು ಮಾಡಿದಿರಿ?

ಮಾಜಿ ಖಜಾಂಚಿ: 2020ರ ಜೂನ್ 8ರಿಂದ ಮಂದಿರಗಳನ್ನು ತೆರೆಯಲು ಅನುಮತಿ ದೊರೆತಾಗ, ಕರ್ತನ ಭೋಜನದ ದ್ರಾಕ್ಷಾರಸಕ್ಕೆ ಎಲ್ಲರೂ ಒಂದೇ ಪಾತ್ರೆಗೆ ತುಟಿಯಿಡುವ ಪದ್ಧತಿಯನ್ನು ನಿಲ್ಲಿಸಲು ಹಟ ಹಿಡಿದವನು ನಾನು. ತಲಾ 18 ರೂಪಾಯಿಯಂತೆ 240 ಗಾಜಿನ ಬಟ್ಟಲುಗಳಿಗೆ 4,320, ಎರಡು ತಟ್ಟೆಗಳಿಗೆ 3,800, ಒಟ್ಟು 8,120 ರೂಪಾಯಿ ತಗಲಿತು. ಹನ್ನೆರಡು ಬಟ್ಟಲುಗಳು ದಾರಿಯಲ್ಲೇ ಒಡೆದವು, ಅಂಗಡಿಯವರು ಬದಲಿಸಿಕೊಡಲಿಲ್ಲ. ಪ್ರತಿ ಸಲವೂ ಕುದಿನೀರಿನಲ್ಲಿ ತೊಳೆದು ನನ್ನ ಹೆಂಡತಿಯ ಅಂಗೈ ಸುಲಿಯಿತು. ಸಭೆಯನ್ನು ಒಡೆದವನೆಂದು ಒಬ್ಬ ಹಿರಿಯರು ಇಂದಿಗೂ ನನಗೆ ವಂದಿಸುವುದಿಲ್ಲ. ಆದರೂ ನಾನು ಮಾಡಿದ್ದು ಸರಿ.

ನಿಂತುಹೋದ ಸ್ವರ: ಬಟ್ಟಲು ಎಣಿಸುತ್ತಿದ್ದವರು ಕಿಟಕಿಗಳನ್ನೂ ಎಣಿಸಬೇಕಿತ್ತು. ರೋಗ ಬಂದದ್ದು ಗಾಳಿಯಲ್ಲಿ. ಅಮೆರಿಕದ ಮೌಂಟ್ ವರ್ನನ್‌ನಲ್ಲಿ 2020ರ ಮಾರ್ಚ್ 10ರಂದು ಗಾಯನದ ಅಭ್ಯಾಸಕ್ಕೆ ಬಂದಿದ್ದ 61 ಜನರಲ್ಲಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಆ ವರದಿಯನ್ನು ನಮ್ಮ ಮಂಡಳಿಗೆ ಓದಿಹೇಳಿದವಳು ನಾನೇ. ಆದರೂ 2021ರ ಏಪ್ರಿಲ್ 4ರ ಈಸ್ಟರಿಗಾಗಿ, ತೆರೆಯಲು ಬಾರದ ಕಿಟಕಿಗಳ ಕೋಣೆಯಲ್ಲಿ, ಮಾಸ್ಕ್ ತೆಗೆದು ಎರಡು ಗಂಟೆ ಹಾಡಿದೆವು. ಹದಿನಾಲ್ವರಲ್ಲಿ ಒಂಬತ್ತು ಜನ ಮಲಗಿದೆವು. ನನ್ನ ಹನ್ನೊಂದು ದಿನಗಳ ಬಿಲ್ಲು 1,86,400. ವಿಮೆಯಿಂದ ಬಂದದ್ದು 1,20,000. ಉಳಿದ 66,400ಕ್ಕೆ ಎರಡು ಬಳೆಗಳನ್ನು ಅಡವಿಟ್ಟೆ. ಬಳೆಗಳನ್ನು ಬಿಡಿಸಿಕೊಂಡೆ, ಮೇಲಿನ ಸ್ವರಗಳು ಮರಳಲಿಲ್ಲ.

ಉಡುಪಿಯ ಸೊಸೆ: ನಮ್ಮ ಮಾವನವರನ್ನು ಹದಿನಾಲ್ಕು ತಿಂಗಳು ಹೊಸ್ತಿಲು ದಾಟಲು ಬಿಡಲಿಲ್ಲ. 9,499 ರೂಪಾಯಿಯ ಫೋನನ್ನು ಪೀಠದ ಮೇಲೆ ನಿಲ್ಲಿಸಿ, ಅದರ ಮುಂದೆ ಮೊಣಕಾಲೂರಿ ಅವರು ಬಲಿಪೂಜೆ ನೋಡುತ್ತಿದ್ದರು; ನೆಟ್‌ವರ್ಕ್ ಹೋದರೂ ಏಳುತ್ತಿರಲಿಲ್ಲ. ಮತ್ತೆ ಚರ್ಚಿಗೆ ಕರೆದುಕೊಂಡು ಹೋದಾಗ, ಜೀವನವಿಡೀ ನಾಲಿಗೆಯ ಮೇಲೆ ಸ್ವೀಕರಿಸಿದ ಪರಮ ಪ್ರಸಾದವನ್ನು ಅಂಗೈಗೆ ಕೊಟ್ಟರೆಂದು ಅತ್ತರು. ಕೊರೊನಾ ಅವರನ್ನು ಮುಟ್ಟಲೇ ಇಲ್ಲ. ಆದರೆ ಕೊನೆಯವರೆಗೂ ನನ್ನೊಂದಿಗೆ ಮೊದಲಿನಂತೆ ಮಾತನಾಡಲಿಲ್ಲ. ಈಗಾಗಿದ್ದರೆ ಫ್ಲೂ ಲಸಿಕೆ ಹಾಕಿಸಿ, ಎರಡು ವಾರ ಕಳೆದ ಮೇಲೆ, ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸುತ್ತಿದ್ದೆ.

ಮಾಜಿ ಖಜಾಂಚಿ: ಸೊಸೆಯವರು ಕ್ಷಮಿಸಬೇಕು, ನಾನು ಗಾಯಕಿಯವರಿಗೆ ಉತ್ತರಿಸಬೇಕಾಗಿದೆ. ಮಾಸ್ಕ್ ತೆಗೆಯಿರೆಂದು ಖಜಾಂಚಿ ಹೇಳಿದ್ದನೇ?

ನಿಂತುಹೋದ ಸ್ವರ: ಹನ್ನೆರಡು ಬಟ್ಟಲು ಒಡೆದ ಕಥೆಯಿಂದಲೇ ತಾವು ಯಾರೆಂದು ತಿಳಿಯಿತು. ಅಭ್ಯಾಸದ ಕೋಣೆಯ ನಾಲ್ಕು ಕಿಟಕಿಗಳ ತುಕ್ಕು ಹಿಡಿದ ಬಿಜಾಗರಿ ಬದಲಿಸಲು ನಾವು ಕೇಳಿದ್ದು 6,000 ರೂಪಾಯಿ. ಬಟ್ಟಲುಗಳಿಗೆ ಖರ್ಚಾಗಿದೆ, ಹಣವಿಲ್ಲ ಎಂದಿರಿ.

ಮಂಗಳೂರಿನ ಮಗಳು: ಅಮ್ಮನಿಗೆ ಲಸಿಕೆ ಆಗಿಲ್ಲ, ಹಬ್ಬಕ್ಕೆ ಒಂಬತ್ತೇ ದಿನ ಉಳಿದಿದೆ. ಮಧ್ಯರಾತ್ರಿಯ ಪೂಜೆ ಬಿಟ್ಟು ಬೆಳಗಿನದಕ್ಕೆ ಕರೆದುಕೊಂಡು ಹೋದರೆ ಜನ ಕಡಿಮೆ ಇರುತ್ತಾರೆಯೇ?

ಮಾಜಿ ಖಜಾಂಚಿ: ಬಿಜಾಗರಿಯ ಅರ್ಜಿ ಬಂದದ್ದು ನವೆಂಬರಿನಲ್ಲಿ, ಜೂನ್‌ನಲ್ಲಿ ಅಲ್ಲ. ನಡಾವಳಿ ಪುಸ್ತಕ ನನ್ನ ಬಳಿಯೇ ಇದೆ.