ಕೊರಿಯನ್‌ನಲ್ಲಿ ನನ್ನ ಭಯಕ್ಕೊಂದು ಪದ, ತಮ್ಮನ ಭಯಕ್ಕೊಂದು ಪದ ಯಾಕೆ?

ಹಂಗುಲ್ ಹುಚ್ಚಿ:
ಸ್ಪ್ಯಾನಿಷ್ ಒಂದು ಮಟ್ಟಕ್ಕೆ ಕಲಿತು ಈಗ ಕೊರಿಯನ್ ಹಿಡಿದಿದ್ದೇನೆ. ಸ್ಪ್ಯಾನಿಷ್‌ನ 'ಮೆ ದಾ ಮಿಯೆದೊ' ನಮಗೆ ಸಲೀಸು, 'ನನಗೆ ಭಯ ಆಗುತ್ತೆ' ಅಷ್ಟೇ. ತಮ್ಮನಿಗೆ ಭಯ ಅನ್ನೋಕೆ 'ಮೆ' ತೆಗೆದು 'ಲೆ' ಹಾಕಿದರೆ ಮುಗಿಯಿತು. ಕೊರಿಯನ್‌ನಲ್ಲಿ ನನಗೆ ಹಾವಿನ ಭಯ ಇದ್ದರೆ 'ಪೆಮಿ ಮುಸೊವೊಯೊ'. ತಮ್ಮನಿಗಾದರೆ 'ಪೆಮುಲ್ ಮುಸೊವೊಹೆಯೊ'. ಕೊನೆಯ ಪದ ಹೋಗಲಿ, ಹಾವಿಗೆ ಹತ್ತುವ ಪ್ರತ್ಯಯವೂ ಬೇರೆ! ಭಯ ಭಯವೇ ಅಲ್ವಾ?

ಸೋಲ್ ವಾಸಿ:
ಭಯ ಒಂದೇ, ಅದು ನಿಮಗೆ ಗೊತ್ತಾಗುವ ದಾರಿ ಬೇರೆ. 'ಮುಸೊವೊಯೊ'ದ ಮೂಲ ರೂಪ 'ಮುಸೊಪ್ತಾ' ಒಂದು ಗುಣವಾಚಕ. ಒಳಗೆ ಅನುಭವಿಸಿದವರು ಆಡುವ ಮಾತು. ತಮ್ಮನ ಎದೆಯೊಳಗೆ ನೀವು ಇಣುಕಿಲ್ಲ. ಅವನು ಕಿರುಚಿದ್ದು, ಮಂಚ ಹತ್ತಿದ್ದು ಮಾತ್ರ ಕಂಡಿದ್ದೀರಿ. ಹಾಗಾಗಿ 'ಒಹಾದಾ' ಸೇರಿಸಿ ಅದನ್ನು ಕ್ರಿಯಾಪದ ಮಾಡುತ್ತಾರೆ ('ಹಾದಾ' ಅಂದರೆ 'ಮಾಡು', ಮಾತಿನಲ್ಲಿ ಅದೇ 'ಹೆಯೊ' ಆಗುತ್ತದೆ). ಕ್ರಿಯಾಪದ ಆದ ಮೇಲೆ ಹಾವು ಕರ್ಮ, ಅದಕ್ಕೇ 'ಉಲ್'.

ಪ್ರಶ್ನೆಯಲ್ಲಿ ಲೆಕ್ಕ ತಿರುಗುತ್ತದೆ. ಎದುರಿಗಿದ್ದವರನ್ನು 'ಮುಸೊವೊಯೊ?' ಅಂತ ಧಾರಾಳವಾಗಿ ಕೇಳಬಹುದು, ಉತ್ತರ ಗೊತ್ತಿರುವುದು ಅವರಿಗೇ ತಾನೆ. ಆಸೆಗೂ ಇದೇ ನಿಯಮ. ನನಗೆ ಹೋಗಬೇಕು ಅನಿಸಿದರೆ 'ಕಾಗೊ ಶಿಪೊಯೊ', ಅವನಿಗಾದರೆ 'ಕಾಗೊ ಶಿಪೊಹೆಯೊ'. ಕಾದಂಬರಿಕಾರರಿಗೆ ಮಾತ್ರ ವಿನಾಯಿತಿ. 'ಅವಳಿಗೆ ದುಃಖವಾಯಿತು' ಅನ್ನಲು ನೇರವಾಗಿ 'ಸುಲ್ಫೊತ್ತಾ' ಅಂತ ಬರೆಯಬಹುದು. ಪಾತ್ರದ ಮನಸ್ಸು ಅವರ ಕೈಯಲ್ಲೇ ಇದೆಯಲ್ಲ!

ವ್ಯಾಕರಣದ ಮೇಷ್ಟ್ರು:
ನಮ್ಮಲ್ಲೂ ಇದರ ಒಂದು ಎಳೆ ಇದೆ. ಗೆಳತಿಗೆ ಸಮಾಧಾನ ಹೇಳುವಾಗ 'ಬೇಜಾರು ಮಾಡ್ಕೋಬೇಡ' ಅನ್ನುತ್ತೇವೆ. 'ಬೇಜಾರಾಗಬೇಡ' ನನ್ನ ಕಿವಿಗಂತೂ ಒಗ್ಗುವುದಿಲ್ಲ. ತಾನಾಗಿ ಆಗುವುದನ್ನು ಬೇಡ ಅನ್ನೋಕಾಗಲ್ಲ, ಮಾಡಿಕೊಳ್ಳುವುದನ್ನು ಅನ್ನಬಹುದು. ಕೊರಿಯನ್ನರೂ 'ಸುಲ್ಫೊಹಾಜಿ ಮಾ' (ದುಃಖ ಮಾಡ್ಕೋಬೇಡ) ಅನ್ನುತ್ತಾರೆ, ಅಲ್ಲೂ 'ಹಾದಾ' ಇದೆ ನೋಡಿ. ಆದರೆ 'ಅವನಿಗೆ ಬೇಜಾರಾಗಿದೆ' ಅನ್ನೋಕೆ ನಮಗೆ ಯಾವ ಸಂಕೋಚವೂ ಇಲ್ಲ. ಆ ವಿಷಯದಲ್ಲಿ ನಾವು ಸ್ಪ್ಯಾನಿಷ್ ಪಕ್ಷ.

ಹಂಗುಲ್ ಹುಚ್ಚಿ:
ವಾಹ್, 'ಮಾಡ್ಕೋ' ಹೊಳೆದೇ ಇರಲಿಲ್ಲ. ಹಾಗಾದರೆ ಇನ್ನೊಂದು ತರಲೆ. 'ಕೊಫಿರುಲ್ ಚೊವಾಹೆಯೊ' (ಕಾಫಿ ಇಷ್ಟಪಡ್ತೀನಿ) ಅಂತ ನನ್ನ ಬಗ್ಗೆಯೇ ಹೇಳುತ್ತೇನಲ್ಲ? ಅದರಲ್ಲೂ 'ಹಾದಾ' ಇದೆ!

ಸೋಲ್ ವಾಸಿ:
ಇರಲಿ, ತಪ್ಪಲ್ಲ. 'ಕೊಫಿಗಾ ಚೊವಾಯೊ' ಅಂದರೂ ಸರಿ, ಅದು ಈ ಗಳಿಗೆಯ ಮನಸ್ಸಿಗೆ ಹೆಚ್ಚು ಹತ್ತಿರ. 'ಚೊವಾಹೆಯೊ' ಅಂದರೆ ಕಾಫಿ ಇಷ್ಟಪಡುವ ಸ್ವಭಾವ. 'ಹಾದಾ' ರೂಪ ನಿಮಗೂ ಸಲ್ಲುತ್ತದೆ, ತಮ್ಮನಿಗೂ ಸಲ್ಲುತ್ತದೆ. ಬರಿಯ ಗುಣವಾಚಕವನ್ನು ತಮ್ಮನಿಗೆ ಹಚ್ಚುವಾಗಷ್ಟೇ ಹುಷಾರು. ಹಚ್ಚಲೇಬೇಕು ಅಂದರೆ 'ಅನಿಸುತ್ತೆ', 'ಅಂತೆ' ಥರದ ಬಾಲ ಸೇರಿಸಿ, ಯಾರೂ ತಕರಾರು ಮಾಡುವುದಿಲ್ಲ.